ನೀಲಿ ಪರದೆಯ ಹಿಂದೆ ಎರಡು ದೋಷಗಳಿದ್ದವು

ಮನೆಯ ಕಂಪ್ಯೂಟರ್ ಮೊದಲ ಸಲ ನೀಲಿ ಪರದೆ ತೋರಿಸಿ ತಾನಾಗಿಯೇ ರೀಸ್ಟಾರ್ಟ್ ಆದಾಗ ನಾನು ಅದಕ್ಕೆ ಹೆಚ್ಚು ಗಮನ ಕೊಡಲಿಲ್ಲ. ಆ ದಿನಗಳಲ್ಲಿ ಕುಟುಂಬದ ಹಳೆಯ ನೆಗೆಟಿವ್‌ಗಳನ್ನು ಒಂದೊಂದಾಗಿ ಸ್ಕ್ಯಾನ್ ಮಾಡಿ ಉಳಿಸುವ ಕೆಲಸದಲ್ಲಿದ್ದೆ. ದೊಡ್ಡ ಚಿತ್ರಗಳನ್ನು ತಿದ್ದುವಾಗ ಯಂತ್ರ ನಿಧಾನವಾಗುತ್ತಿದ್ದುದರಿಂದ, ಮೊದಲಿನಿಂದ ಇದ್ದ, ಕೆಲಸದ ವೇಳೆ ಮಾಹಿತಿಯನ್ನು ತಾತ್ಕಾಲಿಕವಾಗಿ ಇಟ್ಟುಕೊಳ್ಳುವ 8 ಜಿಬಿಯ ಎರಡು ರ‍್ಯಾಮ್ ಸ್ಟಿಕ್‌ಗಳ ಜೊತೆಗೆ ಅದೇ ಮಾದರಿಯ ಇನ್ನೆರಡನ್ನು ಹಾಕಿ ಒಟ್ಟು 32 ಜಿಬಿ ಮಾಡಿಕೊಂಡಿದ್ದೆ. ತಿಂಗಳೊಪ್ಪತ್ತು ಎಲ್ಲವೂ ಸರಿಯಾಗಿಯೇ ನಡೆದಿತ್ತು. ಆಮೇಲೆ ವಾರಕ್ಕೊಮ್ಮೆ, ಬರುಬರುತ್ತಾ ದಿನಕ್ಕೆ ಎರಡು ಮೂರು ಸಲ, ಯಾವ ಮುನ್ಸೂಚನೆಯೂ ಇಲ್ಲದೆ ಯಂತ್ರ ಕುಸಿಯತೊಡಗಿತು.

ಆಗ ನಾನು ಮಾಡಿದ ಮೊದಲ ಒಳ್ಳೆಯ ಕೆಲಸವೆಂದರೆ ಒಂದು ನೋಟ್‌ಬುಕ್ಕಿನಲ್ಲಿ ಪ್ರತಿಯೊಂದು ಕುಸಿತದ ದಿನಾಂಕ, ಸಮಯ, ಆಗ ತೆರೆದಿದ್ದ ಪ್ರೋಗ್ರಾಂಗಳು ಮತ್ತು ನೀಲಿ ಪರದೆಯ ಮೇಲಿನ ಸ್ಟಾಪ್ ಕೋಡ್ (ದೋಷದ ಹೆಸರು) ಇವಿಷ್ಟನ್ನು ಬರೆದಿಡತೊಡಗಿದ್ದು. ಹತ್ತು ದಿನಗಳಲ್ಲಿ ಒಂದು ಪುಟ ತುಂಬಿತು. ಒಮ್ಮೆ ‘ಮೆಮೊರಿ ಮ್ಯಾನೇಜ್‌ಮೆಂಟ್’, ಇನ್ನೊಮ್ಮೆ ‘ಪೇಜ್ ಫಾಲ್ಟ್ ಇನ್ ನಾನ್‌ಪೇಜ್ಡ್ ಏರಿಯಾ’, ಮತ್ತೊಮ್ಮೆ ‘ಐಆರ್‌ಕ್ಯೂಎಲ್ ನಾಟ್ ಲೆಸ್ ಆರ್ ಈಕ್ವಲ್’. ವಿಂಡೋಸ್ ಫೋಲ್ಡರಿನೊಳಗಿನ ಮಿನಿಡಂಪ್ ಕಡತಗಳನ್ನು (ಕುಸಿತದ ದಾಖಲೆಗಳನ್ನು) ತೆರೆದು ನೋಡಿದರೆ ಪ್ರತಿ ಸಲವೂ ಬೇರೆ ಬೇರೆ ಡ್ರೈವರಿನ (ಯಂತ್ರಭಾಗವನ್ನು ನಡೆಸುವ ತಂತ್ರಾಂಶದ) ಹೆಸರು ಕಾಣುತ್ತಿತ್ತು. ಡ್ರೈವರಿನಲ್ಲಿ ದೋಷವಿದ್ದರೆ ಸಾಮಾನ್ಯವಾಗಿ ಅದೇ ಕೋಡ್, ಅದೇ ಹೆಸರು ಮರುಕಳಿಸುತ್ತದೆ. ಪ್ರತಿ ಸಲವೂ ಆರೋಪಿ ಬದಲಾಗುತ್ತಿದ್ದರೆ ದೋಷ ಅವರೆಲ್ಲರ ಕೆಳಗಿರುವ ಯಂತ್ರಭಾಗದಲ್ಲಿರುವ ಸಂಭವವೇ ಹೆಚ್ಚು. ಈ ಮಾತು ಈಗ ನನಗೆ ಸ್ಪಷ್ಟವಾಗಿದೆ. ಆಗ ಆ ಪುಟವನ್ನು ಕಣ್ಣ ಮುಂದೆ ಇಟ್ಟುಕೊಂಡೂ ನಾನು ಅದನ್ನು ಓದಲಿಲ್ಲ.

ಓದದಿರಲು ಒಂದು ಕಾರಣವೂ ಇತ್ತು. ಅದೇ ಸಮಯದಲ್ಲಿ ಚಿತ್ರ ತಿದ್ದುವ ಪ್ರೋಗ್ರಾಂ ಆಗಾಗ ‘ಮೆಮೊರಿಯನ್ನು ಓದಲಾಗಲಿಲ್ಲ’ ಎಂಬ ಅರ್ಥದ ಸಂದೇಶವನ್ನು ತೋರಿಸಿ ಮುಚ್ಚಿಹೋಗುತ್ತಿತ್ತು. ಆ ಸಂದೇಶದ ಬಗ್ಗೆ ವಿಚಾರಿಸಿದಾಗ ತಿಳಿದದ್ದೇನೆಂದರೆ, ಪ್ರೋಗ್ರಾಂ ತನಗೆ ಸೇರದ ವಿಳಾಸವನ್ನು (ಮೆಮೊರಿಯೊಳಗಿನ ಜಾಗವನ್ನು) ಮುಟ್ಟಲು ಹೋದಾಗ ಆಪರೇಟಿಂಗ್ ಸಿಸ್ಟಂ ಅದನ್ನು ತಡೆದು ಹೀಗೆ ಹೇಳುತ್ತದೆ. ಬಹುಪಾಲು ಸಂದರ್ಭಗಳಲ್ಲಿ ಅದು ಆ ಪ್ರೋಗ್ರಾಮಿನದೇ ತಪ್ಪು, ರ‍್ಯಾಮ್ ಕೆಟ್ಟಿದೆ ಎಂದೇನೂ ಅಲ್ಲ. ‘ಮೆಮೊರಿ ಸಾಲದು’ ಎಂಬ ಸಂದೇಶವೂ ಬೇರೆಯೇ ಸಂಗತಿ: ಅದು ರ‍್ಯಾಮ್ ಮತ್ತು ಪೇಜ್ ಫೈಲ್ (ಅದಕ್ಕೆ ಪೂರಕವಾಗಿ ಡಿಸ್ಕಿನಲ್ಲಿ ಮೀಸಲಿಟ್ಟ ಜಾಗ) ಎರಡೂ ಸೇರಿ ತುಂಬಿದಾಗ ಬರುವ ಮಾತು. ಸಂದೇಶದ ಹೆಸರು ಎಷ್ಟು ದಾರಿ ತಪ್ಪಿಸಬಲ್ಲದು ಎಂಬುದಕ್ಕೆ ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರುಗಳ ಪ್ರಕರಣ ಒಳ್ಳೆಯ ಉದಾಹರಣೆ. ಆಟಗಳು ‘ವಿಡಿಯೊ ಮೆಮೊರಿ ಸಾಲದು’ ಎಂದು ಹೇಳಿ ನಿಂತುಹೋಗುತ್ತಿದ್ದವು. ಜನ ಗ್ರಾಫಿಕ್ಸ್ ಕಾರ್ಡನ್ನು ದೂರುತ್ತಿದ್ದರು. ಪ್ರೊಸೆಸರಿನ ವೋಲ್ಟೇಜ್ ಅಗತ್ಯಕ್ಕಿಂತ ಹೆಚ್ಚಾಗುತ್ತಿರುವುದು ಕಾರಣವೆಂದು 2024ರ ಜುಲೈನಲ್ಲಿ ಕಂಪನಿಯೇ ಒಪ್ಪಿಕೊಂಡು, ಮರುತಿಂಗಳು ಮೈಕ್ರೊಕೋಡ್ (ಪ್ರೊಸೆಸರಿನೊಳಗಿನ ತಂತ್ರಾಂಶದ) ತಿದ್ದುಪಡಿಯನ್ನು ಹೊರತಂದಿತು.

ಮೆಮೊರಿ ಎಂಬ ಪದ ಕಂಡಾಕ್ಷಣ ರ‍್ಯಾಮನ್ನು ಅನುಮಾನಿಸಬಾರದು ಎಂದು ತಿಳಿದುಕೊಂಡ ನಾನು ಇನ್ನೊಂದು ತುದಿಗೆ ಹೋಗಿ, ರ‍್ಯಾಮನ್ನು ಅನುಮಾನಿಸುವುದನ್ನೇ ಬಿಟ್ಟು ವಿಂಡೋಸನ್ನು ಹೊಸದಾಗಿ ಇನ್‌ಸ್ಟಾಲ್ ಮಾಡಲು ಕುಳಿತೆ. ಅರ್ಧ ದಾರಿಯಲ್ಲಿ ‘ಅಗತ್ಯ ಕಡತ ಹಾಳಾಗಿದೆ’ ಎಂದು ಅದು ನಿಂತಿತು. ಪೆನ್ ಡ್ರೈವ್ ಕೆಟ್ಟಿರಬೇಕೆಂದು ಬೇರೆಯದನ್ನು ತಂದೆ. ಈ ಸಲ ಇನ್ನೂ ಮುಂದೆ ಹೋಗಿ ಬೇರೊಂದು ಕಡತದ ಹತ್ತಿರ ನಿಂತಿತು. ಮೂರನೆಯ ಯತ್ನದಲ್ಲಿ ಇನ್‌ಸ್ಟಾಲ್ ಪೂರ್ತಿಯಾಯಿತು. ಅದೇ ಪೆನ್ ಡ್ರೈವ್, ಅದೇ ಕಡತ, ಒಮ್ಮೆ ಹಾಳು, ಒಮ್ಮೆ ಸರಿ! ಕಡತ ಡಿಸ್ಕಿಗೆ ಹೋಗುವ ಮುನ್ನ ರ‍್ಯಾಮ್ ಮೂಲಕವೇ ಹಾದುಹೋಗಬೇಕು ಎಂಬುದು ಆಗ ಹೊಳೆಯಿತು. ಕೆಟ್ಟ ರ‍್ಯಾಮ್ ಇರುವ ಯಂತ್ರದಲ್ಲಿ ರಿಪೇರಿ ಮಾಡಲು ಹೋಗುವುದೆಂದರೆ ಹಾಳಾದ ಕಡತಗಳನ್ನು ಮತ್ತಷ್ಟು ಹಾಳುಮಾಡಿ ಬರೆಯುವುದೇ ಆಗಿದೆ. ನಾನು ಮೊದಲು ಮಾಡಬೇಕಾಗಿದ್ದ ಪರೀಕ್ಷೆಯನ್ನು ಮೂರು ವಾರ ತಡವಾಗಿ ಆರಂಭಿಸಿದೆ.

ವಿಂಡೋಸಿನೊಳಗೇ ಇರುವ ಮೆಮೊರಿ ಡಯಾಗ್ನಾಸ್ಟಿಕ್ ಅನ್ನು ಮೊದಲು ಓಡಿಸಿದೆ. ಸ್ಟಾರ್ಟ್ ಮೆನುವಿನಲ್ಲಿ ಹೆಸರು ಹುಡುಕಿದರೆ ಸಿಗುತ್ತದೆ. ಯಂತ್ರವನ್ನು ರೀಸ್ಟಾರ್ಟ್ ಮಾಡಿ ಪರೀಕ್ಷೆ ನಡೆಸುತ್ತದೆ. ‘ಯಾವ ದೋಷವೂ ಕಂಡುಬಂದಿಲ್ಲ’ ಎಂದು ಫಲಿತಾಂಶ ಬಂತು. ಇದು ದೋಷ ಕಂಡರೆ ನಂಬಬೇಕಾದ, ಕಾಣದಿದ್ದರೆ ಪೂರ್ತಿ ನಂಬಬಾರದ ಪರೀಕ್ಷೆ ಎಂಬುದು ನನ್ನ ಅಭಿಪ್ರಾಯ. ಆದ್ದರಿಂದ ಬೇರೊಂದು ಕಂಪ್ಯೂಟರಿನಲ್ಲಿ ಮೆಮ್‌ಟೆಸ್ಟ್86+ ಅನ್ನು ಪೆನ್ ಡ್ರೈವಿಗೆ ಹಾಕಿಕೊಂಡು, ಅದರಿಂದಲೇ ಯಂತ್ರವನ್ನು ಬೂಟ್ ಮಾಡಿ ರಾತ್ರಿ ಹಾಗೆಯೇ ಓಡಲು ಬಿಟ್ಟೆ. ಈ ಉಚಿತ ಪ್ರೋಗ್ರಾಂ ಯಾವ ಆಪರೇಟಿಂಗ್ ಸಿಸ್ಟಮಿನ ಹಂಗೂ ಇಲ್ಲದೆ ಓಡುವುದರಿಂದ ಬಹುಪಾಲು ಎಲ್ಲ ರ‍್ಯಾಮನ್ನೂ ಮುಟ್ಟಿ ನೋಡಬಲ್ಲದು.

ಮೊದಲ ಎರಡು ಸುತ್ತುಗಳು ಸ್ವಚ್ಛವಾಗಿ ಮುಗಿದವು. ಬೆಳಗ್ಗೆ ಎದ್ದು ನೋಡಿದರೆ ಮೂರನೆಯ ಸುತ್ತಿನಲ್ಲಿ ಕೆಂಪು ಸಾಲುಗಳಿದ್ದವು. ಪ್ರತಿ ಸಾಲಿನಲ್ಲೂ ದೋಷ ಕಂಡ ವಿಳಾಸ, ಅಲ್ಲಿ ಇರಬೇಕಾಗಿದ್ದ ಮೌಲ್ಯ, ಅಲ್ಲಿ ಸಿಕ್ಕಿದ ಮೌಲ್ಯ ಇವು ಇರುತ್ತವೆ. ಇರಬೇಕಾಗಿದ್ದುದು ಹದಿನಾರು ‘ಎಫ್’ಗಳ ಸಾಲು; ಸಿಕ್ಕಿದ್ದರಲ್ಲಿ ಹದಿನೈದನೆಯ ಜಾಗದಲ್ಲಿ ಮಾತ್ರ ‘ಇ’. ಇಲ್ಲಿ ಒಂದೊಂದು ಅಕ್ಷರವೂ ನಾಲ್ಕು ಬಿಟ್‌ಗಳನ್ನು, ಎಂದರೆ ನಾಲ್ಕು ಒಂದು-ಸೊನ್ನೆಗಳನ್ನು, ಸೂಚಿಸುತ್ತದೆ. ಹಾಗಾಗಿ ಅರವತ್ತನಾಲ್ಕು ಬಿಟ್‌ಗಳಲ್ಲಿ ಒಂದೇ ಒಂದು ಬಿಟ್ ಒಂದಾಗಿರುವ ಬದಲು ಸೊನ್ನೆಯಾಗಿತ್ತು. ನಾಲ್ಕು ಸಾಲುಗಳಲ್ಲೂ ಅದೇ ವಿಳಾಸದ ಆಸುಪಾಸು, ಅದೇ ಬಿಟ್. ಮೂರು ವಾರ ನನ್ನನ್ನು ಕಾಡಿದ್ದು ಇಷ್ಟು ಸಣ್ಣದು ಎಂದು ಆ ಪರದೆಯ ಮುಂದೆ ಬಹಳ ಹೊತ್ತು ಕುಳಿತಿದ್ದೆ. ಒಂದೇ ದೋಷ ತಾನೇ ಎಂದು ಬಿಡುವಂತಿಲ್ಲ; ಈ ಪರೀಕ್ಷೆಯಲ್ಲಿ ಸರಿಯಾದ ಸಂಖ್ಯೆ ಎಂದರೆ ಸೊನ್ನೆ ಮಾತ್ರ.

ಸರ್ವರ್‌ಗಳಲ್ಲಿ ಬಳಸುವ ಇಸಿಸಿ ರ‍್ಯಾಮ್ ಇಂಥ ಒಂದು ಬಿಟ್ಟಿನ ತಪ್ಪನ್ನು ತಾನೇ ತಿದ್ದಿ ದಾಖಲಿಸಿಕೊಳ್ಳುತ್ತದೆ. ಮನೆಯ ಕಂಪ್ಯೂಟರುಗಳಲ್ಲಿ ಸಾಮಾನ್ಯವಾಗಿ ಅದು ಇರುವುದಿಲ್ಲವಾದ್ದರಿಂದ ತಪ್ಪು ಸದ್ದಿಲ್ಲದೆ ಮುಂದಕ್ಕೆ ಹೋಗುತ್ತದೆ. ಗೂಗಲ್‌ನ ಸರ್ವರ್‌ಗಳ ದಾಖಲೆಗಳನ್ನು ಆಧರಿಸಿ 2009ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಶೇ. 8ಕ್ಕೂ ಹೆಚ್ಚು ರ‍್ಯಾಮ್ ಸ್ಟಿಕ್‌ಗಳಲ್ಲಿ ವರ್ಷಕ್ಕೆ ಒಮ್ಮೆಯಾದರೂ ತಿದ್ದಬಹುದಾದ ದೋಷ ಕಂಡಿತ್ತು. ಅವುಗಳಲ್ಲಿ ಹೆಚ್ಚಿನವು ಆಕಸ್ಮಿಕ ಬಿಟ್ ಬದಲಾವಣೆಗಳಲ್ಲ, ಯಂತ್ರಭಾಗದಲ್ಲೇ ಉಳಿದುಕೊಂಡ ದೋಷಗಳು ಎಂಬುದು ಅದರ ಮುಖ್ಯ ತೀರ್ಮಾನ. ನನ್ನ ಪರದೆಯ ಮೇಲೆ ಮರುಕಳಿಸುತ್ತಿದ್ದ ಅದೇ ವಿಳಾಸವೂ ಅದನ್ನೇ ಹೇಳುತ್ತಿತ್ತು.

ನಾಲ್ಕರಲ್ಲಿ ಯಾವ ಸ್ಟಿಕ್ ಎಂಬುದು ಮುಂದಿನ ಪ್ರಶ್ನೆ. ವಿಳಾಸ ನೋಡಿ ಅದನ್ನು ಹೇಳಲಾಗದು, ಏಕೆಂದರೆ ಡ್ಯುಯಲ್ ಚಾನೆಲ್ (ಎರಡು ದಾರಿಗಳ) ವ್ಯವಸ್ಥೆಯಲ್ಲಿ ಅಕ್ಕಪಕ್ಕದ ವಿಳಾಸಗಳು ಬೇರೆ ಬೇರೆ ಸ್ಟಿಕ್‌ಗಳಿಗೆ ಹಂಚಿಹೋಗಿರುತ್ತವೆ. ಒಂದೊಂದನ್ನೇ ಪರೀಕ್ಷಿಸುವುದೇ ದಾರಿ. ಯಂತ್ರವನ್ನು ಆಫ್ ಮಾಡಿ, ಪವರ್ ಕೇಬಲ್ ಕಳಚಿ, ಪವರ್ ಗುಂಡಿಯನ್ನು ಕೆಲವು ಸೆಕೆಂಡ್ ಒತ್ತಿ ಹಿಡಿದು ಉಳಿದ ವಿದ್ಯುತ್ತನ್ನು ಹರಿಯಲು ಬಿಟ್ಟೆ. ಕ್ಯಾಬಿನೆಟ್ಟಿನ ಲೋಹವನ್ನು ಮುಟ್ಟಿ ಮೈಯ ಸ್ಥಿರ ವಿದ್ಯುತ್ತನ್ನು ಕಳೆದುಕೊಂಡು, ಸ್ಟಿಕ್‌ಗಳನ್ನು ಅಂಚಿನಲ್ಲಷ್ಟೇ ಹಿಡಿದು ಹೊರತೆಗೆದು, ಪೆನ್ಸಿಲಿನಿಂದ ಒಂದರಿಂದ ನಾಲ್ಕರವರೆಗೆ ಸಂಖ್ಯೆ ಬರೆದ ಚೀಟಿಗಳ ಮೇಲೆ ಇಟ್ಟೆ. ಒಂದೇ ಸ್ಟಿಕ್ ಹಾಕುವಾಗ ಮದರ್‌ಬೋರ್ಡಿನ ಕೈಪಿಡಿ ಹೇಳಿದ ಸ್ಲಾಟನ್ನೇ ಬಳಸಬೇಕು. ನನ್ನದರಲ್ಲಿ ಅದು ಪ್ರೊಸೆಸರಿನಿಂದ ಎರಡನೆಯದು. ಸ್ಲಾಟಿನ ಕೊಂಡಿ ಟಕ್ಕೆಂದು ಕೂರುವವರೆಗೆ ಎರಡೂ ತುದಿಗಳನ್ನು ಸಮನಾಗಿ ಒತ್ತಬೇಕು. ರ‍್ಯಾಮ್ ಬದಲಾದ ಮೇಲೆ ಮೊದಲ ಸಲ ಆನ್ ಮಾಡಿದಾಗ ಪರದೆ ಸ್ವಲ್ಪ ಹೊತ್ತು ಕಪ್ಪಾಗಿಯೇ ಇರಬಹುದು. ಮದರ್‌ಬೋರ್ಡ್ ಹೊಸ ರ‍್ಯಾಮಿಗೆ ಹೊಂದಿಕೊಳ್ಳುವ ಹೊತ್ತು ಅದು. ಗಾಬರಿಗೊಂಡು ಆಫ್ ಮಾಡಬಾರದು.

ಒಂದೇ ಸ್ಲಾಟಿನಲ್ಲಿ, ಬಯಾಸಿನ (ಮದರ್‌ಬೋರ್ಡಿನ ಮೂಲ ತಂತ್ರಾಂಶದ) ಯಾವ ಸೆಟ್ಟಿಂಗನ್ನೂ ಬದಲಿಸದೆ, ಪ್ರತಿ ಸ್ಟಿಕ್ಕಿಗೂ ನಾಲ್ಕು ಸುತ್ತು. ಹೊಸ ಸ್ಟಿಕ್ ಕೆಟ್ಟಿದೆ ಎಂದೇ ನಾನು ನಂಬಿದ್ದೆ. ಕೆಟ್ಟಿದ್ದುದು ಹಳೆಯದು, ಎರಡನೆಯ ಸಂಖ್ಯೆಯದು. ಅದೊಂದನ್ನೇ ಹಾಕಿದಾಗ ವಿಳಾಸ ಬೇರೆಯಾಗಿತ್ತು, ತಪ್ಪಿದ ಬಿಟ್ ಮಾತ್ರ ಅದೇ ಆಗಿತ್ತು. ಸ್ಲಾಟಿನ ದೋಷವಲ್ಲ ಎಂದು ಖಚಿತಪಡಿಸಿಕೊಳ್ಳಲು ಅದನ್ನು ಬೇರೆ ಸ್ಲಾಟಿನಲ್ಲಿಟ್ಟೂ ನೋಡಿದೆ, ಅದರ ಜಾಗದಲ್ಲಿ ಒಳ್ಳೆಯದನ್ನು ಇಟ್ಟೂ ನೋಡಿದೆ. ಕಾಂಟ್ಯಾಕ್ಟ್‌ಗಳನ್ನು ಐಸೊಪ್ರೊಪಿಲ್ ಆಲ್ಕೊಹಾಲ್‌ನಿಂದ ಒರೆಸಿ ಮತ್ತೆ ಪರೀಕ್ಷಿಸಿದೆ. ದೋಷ ಸ್ಟಿಕ್ಕಿನ ಬೆನ್ನು ಹತ್ತಿಯೇ ಬಂತು. ವಾರಂಟಿಯಲ್ಲಿ ಅದನ್ನು ಬದಲಿಸಿಕೊಂಡೆ. ಜೋಡಿಯಾಗಿ ಕೊಂಡದ್ದನ್ನು ಜೋಡಿಯಾಗಿಯೇ ಹಿಂದಿರುಗಿಸಲು ಕೇಳಿದರು.

ಹೊಸ ಜೋಡಿ ಬಂದು ನಾಲ್ಕನ್ನೂ ಕೂರಿಸಿದ ಮೇಲೆ ಎಲ್ಲ ಮುಗಿಯಿತೆಂದುಕೊಂಡು ಒಂದು ರಾತ್ರಿ ಪರೀಕ್ಷೆಗೆ ಬಿಟ್ಟರೆ ಮತ್ತೆ ಕೆಂಪು ಸಾಲುಗಳು. ಈ ಸಲ ಅವುಗಳ ಚಹರೆಯೇ ಬೇರೆ: ವಿಳಾಸಗಳು ಚದುರಿದ್ದವು, ಬಿಟ್‌ಗಳು ಬೇರೆ ಬೇರೆ. ಎರಡೆರಡಾಗಿ ಹಾಕಿದರೆ ಒಂದೂ ದೋಷವಿಲ್ಲ, ನಾಲ್ಕೂ ಸೇರಿದರೆ ದೋಷ. ಸ್ಟಿಕ್ ಕೆಟ್ಟಿದ್ದರೆ ಹೀಗಾಗದು. ನನ್ನ ಸ್ಟಿಕ್‌ಗಳು ಡಿಡಿಆರ್ 4 ಪೀಳಿಗೆಯವು; ಅದರ ಮೂಲ ವೋಲ್ಟೇಜ್ 1.2. ನಾನು ಬಯಾಸಿನಲ್ಲಿ, ತಯಾರಕರೇ ಕೊಡುವ ಹೆಚ್ಚಿನ ವೇಗದ ಪ್ರೊಫೈಲ್ ಆದ ಎಕ್ಸ್‌ಎಂಪಿಯನ್ನು ಆನ್ ಮಾಡಿ, 1.35 ವೋಲ್ಟಿನಲ್ಲಿ 3200ರ ವೇಗಕ್ಕೆ ಇಟ್ಟಿದ್ದೆ. ಆ ಪ್ರೊಫೈಲ್ ಎರಡು ಸ್ಟಿಕ್‌ಗಳ ಒಂದು ಪೊಟ್ಟಣಕ್ಕೆ ಪರೀಕ್ಷಿಸಿ ಕೊಟ್ಟದ್ದು. ಒಂದೊಂದು ಚಾನೆಲ್ಲಿನಲ್ಲಿ ಎರಡೆರಡು ಸ್ಟಿಕ್ ಸೇರಿದಾಗ ಪ್ರೊಸೆಸರಿನೊಳಗಿನ ಮೆಮೊರಿ ಕಂಟ್ರೋಲರಿನ ಮೇಲೆ ಹೊರೆ ಹೆಚ್ಚುತ್ತದೆ. ಮೇಲಾಗಿ ಒಂದೇ ಮಾದರಿಯ ಹೆಸರಿದ್ದರೂ ಬೇರೆ ಬೇರೆ ಕಾಲದಲ್ಲಿ ತಯಾರಾದ ಜೋಡಿಗಳಲ್ಲಿ ಬೇರೆ ಚಿಪ್‌ಗಳಿರಬಹುದು. ಎಕ್ಸ್‌ಎಂಪಿಯನ್ನು ಆಫ್ ಮಾಡಿದಾಗ ದೋಷಗಳು ನಿಂತವು. ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ವೇಗ ಏರಿಸಿ ಪ್ರತಿ ಹಂತದಲ್ಲೂ ಒಂದು ರಾತ್ರಿ ಪರೀಕ್ಷಿಸಿದೆ. 2933ರಲ್ಲಿ ಒಂದೇ ಒಂದು ದೋಷ ಬಂತು. 2666ರಲ್ಲಿ ಎಂಟು ಸುತ್ತು ಮುಗಿದರೂ ಒಂದೂ ಇಲ್ಲ. ಅಲ್ಲಿಗೇ ನಿಲ್ಲಿಸಿದೆ. ಚಿತ್ರಗಳನ್ನು ತಿದ್ದುವಾಗ ವೇಗ ಕಡಿಮೆಯಾದದ್ದು ನನಗೆ ಗೊತ್ತಾಗಿಲ್ಲ.

ಯಂತ್ರ ಸರಿಯಾದ ಮೇಲಷ್ಟೇ ವಿಂಡೋಸನ್ನು ಮತ್ತೊಮ್ಮೆ ಹೊಸದಾಗಿ ಹಾಕಿದೆ. ಯಾವ ಪೆನ್ ಡ್ರೈವಿನಲ್ಲಿ ಮೊದಲು ವಿಫಲವಾಗಿತ್ತೋ ಅದರಿಂದಲೇ ಒಂದೇ ಸಲಕ್ಕೆ ಮುಗಿಯಿತು. ಮನಸ್ಸಿಗೆ ಹೆಚ್ಚು ಭಾರವಾದ ಕೆಲಸ ಉಳಿದದ್ದು ಚಿತ್ರಗಳದ್ದು. ಆ ವಾರಗಳಲ್ಲಿ ಸುಮಾರು ಸಾವಿರದ ನಾನೂರು ಸ್ಕ್ಯಾನ್‌ಗಳನ್ನು ಹೊರಗಿನ ಡಿಸ್ಕಿಗೆ ಬ್ಯಾಕಪ್ ಮಾಡಿದ್ದೆ. ಎರಡೂ ಕಡೆಯ ಪ್ರತಿ ಕಡತಕ್ಕೆ ಎಸ್‌ಎಚ್‌ಎ-256 ಹ್ಯಾಶ್ (ಕಡತದ ಬೆರಳಚ್ಚಿನಂಥ ಸಂಖ್ಯೆ) ಲೆಕ್ಕ ಹಾಕಿ ಹೋಲಿಸಿದಾಗ ಒಂಬತ್ತು ಕಡತಗಳು ತಾಳೆಯಾಗಲಿಲ್ಲ. ಎಲ್ಲದರಲ್ಲೂ ಮೂಲ ಸರಿಯಿತ್ತು, ಬ್ಯಾಕಪ್ ಹಾಳಾಗಿತ್ತು; ಮತ್ತೆ ನಕಲು ಮಾಡಿದೆ. ಆದರೆ ಹ್ಯಾಶ್ ತಾಳೆಯಾದರೆ ಎರಡೂ ಪ್ರತಿಗಳು ಒಂದೇ ಎಂದಷ್ಟೇ ಗೊತ್ತಾಗುತ್ತದೆ, ಎರಡೂ ಸರಿ ಎಂದಲ್ಲ. ಹಾಗಾಗಿ ನಾಲ್ಕು ಸಂಜೆ ಕುಳಿತು ಎಲ್ಲವನ್ನೂ ಒಂದೊಂದಾಗಿ ತೆರೆದು ನೋಡಿದೆ. ಇನ್ನೂ ಎರಡು ಸಿಕ್ಕವು. ಒಂದರಲ್ಲಿ ಅಜ್ಜಿಯ ಮುಖದವರೆಗೆ ಚಿತ್ರ ಸರಿಯಾಗಿದ್ದು, ಭುಜದ ಕೆಳಗೆಲ್ಲ ಹಸಿರು ಮತ್ತು ಬೂದು ಪಟ್ಟಿಗಳು. ತಿದ್ದಿ ಉಳಿಸಿದ ಕ್ಷಣದಲ್ಲೇ ಅದು ಹಾಳಾಗಿತ್ತು. ಇನ್ನೊಂದರ ನೆಗೆಟಿವ್ ನನ್ನಲ್ಲೇ ಇದ್ದುದರಿಂದ ಅಂದೇ ಮತ್ತೆ ಸ್ಕ್ಯಾನ್ ಮಾಡಿದೆ. ಅಜ್ಜಿಯ ನೆಗೆಟಿವನ್ನು ದೊಡ್ಡಮ್ಮನಿಗೆ ಹಿಂದಿರುಗಿಸಿಬಿಟ್ಟಿದ್ದೆ. ಅದನ್ನು ಮತ್ತೆ ಕಳಿಸಿಕೊಡುವಂತೆ ಅವರಿಗೆ ಹೇಳಿದ್ದೇನೆ.