ಇಂಗ್ಲೆಂಡಿನ ಪೊಲೀಸರು ತಡೆದರೆ ಏನು ಮಾಡಬೇಕು?

ಹುಬ್ಬಳ್ಳಿಯಲ್ಲಿ ವಕೀಲಿಕೆ ಮಾಡಿಕೊಂಡಿದ್ದ ನಾನು ಈಗ ಲೆಸ್ಟರ್‌ನ ಸಾಲಿಸಿಟರ್ (ಇಲ್ಲಿನ ವಕೀಲರು) ಕಚೇರಿಯೊಂದರ ಪರವಾಗಿ ಪೊಲೀಸ್ ಠಾಣೆಗಳಿಗೆ ಹೋಗಿ, ಬಂಧಿತರ ಪಕ್ಕದಲ್ಲಿ ಕೂತು ಸಲಹೆ ಕೊಡುತ್ತೇನೆ. ಓದಲು ಬರುವ ನಮ್ಮ ಹುಡುಗಿಯರಿಗೆ ನಾನು ಮೊದಲು ಹೇಳುವುದು ಚಳಿ, ಮಳೆಯ ವಿಚಾರವಲ್ಲ. ಚೀಲದಲ್ಲಿ ಪೆಪ್ಪರ್ ಸ್ಪ್ರೇ ಇದೆಯೇ, ನೋಡಿಕೊಳ್ಳಿ. ಬೆಂಗಳೂರಿನಲ್ಲಿ ಯಾರು ಬೇಕಾದರೂ ಕೊಳ್ಳುವ ಆ ಪುಟ್ಟ ಡಬ್ಬಿ ಇಲ್ಲಿ 1968ರ ಬಂದೂಕು ಕಾಯ್ದೆಯ 5ನೇ ಕಲಮಿನಡಿ ನಿಷೇಧಿತ ಆಯುಧ. ಅಮ್ಮ ಕಾಳಜಿಯಿಂದ ಕೊಟ್ಟದ್ದು ಎಂದರೆ ಕಾನೂನು ಕರಗುವುದಿಲ್ಲ. ಚಾಕುವಿನದೂ ಹೀಗೆಯೇ. ಅಲಗು ಮೂರು ಇಂಚು ಮೀರದ, ಮಡಚುವ ಚಾಕು ಬಿಟ್ಟರೆ ಉಳಿದದ್ದನ್ನು ಸಕಾರಣವಿಲ್ಲದೆ ಬೀದಿಯಲ್ಲಿ ಇಟ್ಟುಕೊಳ್ಳುವುದೇ ಅಪರಾಧ. ತರಕಾರಿ ಚಾಕು ಕೊಂಡರೆ ಪೊಟ್ಟಣ ಬಿಚ್ಚದೆ, ರಸೀದಿ ಸಮೇತ ಮನೆಗೆ ತನ್ನಿ.

ನಾನು ಇಲ್ಲಿ ಹೇಳುವುದೆಲ್ಲ ಇಂಗ್ಲೆಂಡ್ ಮತ್ತು ವೇಲ್ಸ್‌ಗೆ. ಸ್ಕಾಟ್ಲೆಂಡಿನ ಕಾನೂನೇ ಬೇರೆ.

ರಸ್ತೆಯಲ್ಲಿ ಪೊಲೀಸರು ತಡೆದು ಬರೀ ಪ್ರಶ್ನೆ ಕೇಳುತ್ತಿದ್ದರೆ, ‘ನಾನು ಹೋಗಬಹುದೇ?’ ಎಂದು ಸೌಜನ್ಯದಿಂದ ವಿಚಾರಿಸಿ. ಮೈ ಅಥವಾ ಚೀಲ ತಪಾಸಣೆ ಮಾಡುವುದಾದರೆ ಸಾಮಾನ್ಯವಾಗಿ ಅವರಿಗೆ ಸಕಾರಣವಾದ ಅನುಮಾನ ಇರಬೇಕು. ನಿಮ್ಮ ಬಣ್ಣವೊಂದೇ ಕಾರಣವಾಗಲಾರದು. ಯಾವ ಅಧಿಕಾರದಡಿ, ಯಾವ ವಸ್ತುವಿಗಾಗಿ, ತಾವು ಯಾವ ಠಾಣೆಯವರು ಎಂಬುದನ್ನು ಅವರು ಹೇಳಬೇಕು. ಸಮವಸ್ತ್ರವಿಲ್ಲದಿದ್ದರೆ ಗುರುತಿನ ಚೀಟಿ ತೋರಿಸಬೇಕು. ಜನರೆದುರು ಹೊರಗಿನ ಕೋಟು, ಜಾಕೆಟ್, ಕೈಗವಸು ಮೀರಿ ಬಟ್ಟೆ ತೆಗೆಸುವಂತಿಲ್ಲ. ತಪಾಸಣೆಯ ದಾಖಲೆಯ ಪ್ರತಿಯನ್ನು ಮೂರು ತಿಂಗಳೊಳಗೆ ಕೇಳಿ ಪಡೆಯಬಹುದು, ಪಡೆದುಕೊಳ್ಳಿ. ಹಿಂಸಾಚಾರದ ಭಯವಿರುವ ಕಡೆ ಹಿರಿಯ ಅಧಿಕಾರಿಯ ಆದೇಶವಿದ್ದರೆ, 1994ರ ಅಪರಾಧ ನ್ಯಾಯ ಮತ್ತು ಸಾರ್ವಜನಿಕ ಸುವ್ಯವಸ್ಥೆ ಕಾಯ್ದೆಯ 60ನೇ ಕಲಮಿನಡಿ, ಅನುಮಾನವಿಲ್ಲದೆಯೂ ಆಯುಧಕ್ಕಾಗಿ ತಪಾಸಣೆ ನಡೆಯುತ್ತದೆ. ಅಲ್ಲಿ ವಾದಕ್ಕೆ ಇಳಿಯಬೇಡಿ. ಕೊಸರಾಡಿದರೆ ಅದೇ ಇನ್ನೊಂದು ಅಪರಾಧವಾದೀತು.

ತಪಾಸಣೆಯ ಹೊತ್ತಿನಲ್ಲಿ ಹೆಸರು, ವಿಳಾಸ ಹೇಳಲೇಬೇಕೆಂದು ಸಾಮಾನ್ಯವಾಗಿ ಕಡ್ಡಾಯವಿಲ್ಲ. ಆದರೆ ನೀವು ಸ್ಟೀರಿಂಗ್ ಹಿಂದೆ ಇದ್ದರೆ ಲೆಕ್ಕ ಬೇರೆ. ಕಾರು ನಿಲ್ಲಿಸಲೇಬೇಕು, ಹೆಸರು ಹೇಳಲೇಬೇಕು. ಲೈಸೆನ್ಸ್ ಜೊತೆಗಿಲ್ಲದಿದ್ದರೆ ಏಳು ದಿನದೊಳಗೆ ಠಾಣೆಗೆ ಒಯ್ದು ತೋರಿಸಬಹುದು. ನೋಟು ಮಡಚಿ ಕೈಗಿಡುವ ಯೋಚನೆಯೂ ಬೇಡ.

ಈಗ ಬಂಧನ. ಬಂಧಿಸುವಾಗ ಅಧಿಕಾರಿ ಒಂದು ಎಚ್ಚರಿಕೆಯ ಮಾತು ಒಪ್ಪಿಸುತ್ತಾನೆ. ಅದರ ಸಾರ ಇಷ್ಟು: ನೀವು ಏನೂ ಹೇಳಬೇಕಾಗಿಲ್ಲ; ಆದರೆ ಮುಂದೆ ನ್ಯಾಯಾಲಯದಲ್ಲಿ ಆಧಾರವಾಗಿ ತರುವ ಸಂಗತಿಯನ್ನು ಈಗ ವಿಚಾರಣೆಯಲ್ಲಿ ಹೇಳದಿದ್ದರೆ ನಿಮ್ಮ ವಾದಕ್ಕೆ ಹಾನಿಯಾಗಬಹುದು; ಹೇಳಿದ್ದು ಸಾಕ್ಷ್ಯವಾಗಬಹುದು. ನಮ್ಮವರು ಎಡವುವುದು ಇಲ್ಲಿಯೇ. ಪೊಲೀಸರೆದುರಿನ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ ಎಂಬುದು ಭಾರತದಲ್ಲಿ 1872ರ ಸಾಕ್ಷ್ಯ ಕಾಯ್ದೆಯಿಂದ ಬಂದ ರಕ್ಷಣೆ. ಇಲ್ಲಿ ಆ ರಕ್ಷಣೆ ಇಲ್ಲ. ಆಡಿದರೂ ಲೆಕ್ಕಕ್ಕಿದೆ, ಆಡದಿದ್ದರೂ ಲೆಕ್ಕಕ್ಕಿದೆ. ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಯನ್ನು ನಂಬಿ, ಠಾಣೆಗೆ ಹೋಗುವ ಕಾರಿನಲ್ಲೇ ಕಥೆಯನ್ನೆಲ್ಲ ಬಿಡಿಸಿಡುವವರಿದ್ದಾರೆ. ಇಲ್ಲಿನ ಪೊಲೀಸರು ಬಹುಪಾಲು ನಯವಂತರು; ಆ ನಯವೇ ನಾಲಿಗೆಯನ್ನು ಸಡಿಲ ಮಾಡುತ್ತದೆ, ಎದೆಯ ಮೇಲಿನ ಕ್ಯಾಮೆರಾ ಕೇಳಿಸಿಕೊಳ್ಳುತ್ತಿರುತ್ತದೆ.

ಠಾಣೆಯ ಕಟ್ಟೆಯೆದುರು ನಿಲ್ಲಿಸಿ ಸಾರ್ಜೆಂಟ್ ಒಂದೊಂದೇ ಕೇಳುತ್ತಾ ಹೋಗುತ್ತಾರೆ: ಕಾಯಿಲೆ ಇದೆಯೇ, ಮಾತ್ರೆ ಬೇಕೇ, ಯಾರಿಗಾದರೂ ತಿಳಿಸಬೇಕೇ, ಸಾಲಿಸಿಟರ್ ಬೇಕೇ? ಕೊನೆಯದಕ್ಕೆ ‘ಬೇಡ ಸರ್, ನಾನೇನೂ ತಪ್ಪು ಮಾಡಿಲ್ಲ’ ಎನ್ನುವವರೇ ಹೆಚ್ಚು. ದಯವಿಟ್ಟು ಬೇಕು ಎನ್ನಿ. ಹಗಲು ರಾತ್ರಿ ಯಾವ ಹೊತ್ತಿಗಾದರೂ ಸರಿ, ನಿಮ್ಮ ಆದಾಯ ಎಷ್ಟೇ ಇರಲಿ, ಠಾಣೆಯಲ್ಲಿ ಈ ಸಲಹೆ ಉಚಿತ. ಬೇಡವೆಂದವರು ನಡುವೆ ಮನಸ್ಸು ಬದಲಿಸಿದರೂ ಕೇಳಬಹುದು. ದುಭಾಷಿಯೂ ಉಚಿತ. ಅಂಗಡಿಯಲ್ಲಿ ಸಲೀಸಾಗಿ ಇಂಗ್ಲಿಷ್ ಮಾತಾಡುವವರೂ ಇಂಥ ಹೊತ್ತಿನಲ್ಲಿ ಕನ್ನಡದಲ್ಲೇ ಕೇಳಿಸಿಕೊಳ್ಳುವುದು ಮೇಲು.

ಸಾಲಿಸಿಟರ್ ಬಂದವರೇ ಪೊಲೀಸರ ಕೈಯಲ್ಲಿರುವ ಸಾಕ್ಷ್ಯವೇನೆಂದು ವಿಚಾರಿಸಿ, ಉತ್ತರಿಸಬೇಕೇ, ಸುಮ್ಮನಿರಬೇಕೇ, ಲಿಖಿತ ಹೇಳಿಕೆ ಕೊಡಬೇಕೇ ಎಂದು ನಿಮ್ಮೊಂದಿಗೆ ಗುಟ್ಟಾಗಿ ಚರ್ಚಿಸುತ್ತಾರೆ. ವಿಚಾರಣೆ ಧ್ವನಿಮುದ್ರಣವಾಗುತ್ತದೆ. ಆರೋಪ ಹೊರಿಸದೆ ಸಾಮಾನ್ಯವಾಗಿ 24 ಗಂಟೆ ಇಟ್ಟುಕೊಳ್ಳಬಹುದು. ಗಂಭೀರ ಅಪರಾಧವಾದರೆ ಸೂಪರಿಂಟೆಂಡೆಂಟ್ ಅನುಮತಿಯಿಂದ 36, ಮ್ಯಾಜಿಸ್ಟ್ರೇಟರ ಆದೇಶದಿಂದ 96 ಗಂಟೆಯವರೆಗೆ. ಭಯೋತ್ಪಾದನೆಯ ಪ್ರಕರಣಗಳಿಗೆ ಬೇರೆ ನಿಯಮ.

‘ಸ್ವಇಚ್ಛೆಯಿಂದ ಬಂದು ಮಾತಾಡಿ ಹೋಗಿ’ ಎಂಬ ಫೋನ್ ಕರೆಯನ್ನೂ ಹಗುರವಾಗಿ ತೆಗೆದುಕೊಳ್ಳಬೇಡಿ. ಅಲ್ಲೂ ಅದೇ ಎಚ್ಚರಿಕೆಯ ಮಾತು, ಅದೇ ಮುದ್ರಣ, ಅದೇ ಉಚಿತ ಸಲಹೆಯ ಹಕ್ಕು. ಕೊನೆಗೆ ಕೋರ್ಟು ಬೇಡ, ಕಾಷನ್ ಒಪ್ಪಿಕೊಂಡು ಮನೆಗೆ ಹೋಗಿ ಎಂದರೆ ಸಹಿ ಹಾಕುವ ಮೊದಲು ಸಾಲಿಸಿಟರನ್ನು ಕೇಳಿ. ಕಾಷನ್ ಎಂದರೆ ಕೋರ್ಟಿಗೆ ಕಳಿಸದೆ ಪೊಲೀಸರೇ ಕೊಡುವ ಔಪಚಾರಿಕ ಎಚ್ಚರಿಕೆ; ಅದಕ್ಕೆ ಸಹಿ ಹಾಕಿದರೆ ತಪ್ಪನ್ನು ಒಪ್ಪಿಕೊಂಡಂತೆ. ಪೊಲೀಸ್ ದಾಖಲೆಯಲ್ಲಿ ಉಳಿಯುತ್ತದೆ, ವೀಸಾ ಅರ್ಜಿಯಲ್ಲೂ ಅದನ್ನು ತಿಳಿಸಬೇಕಾಗುತ್ತದೆ.