ಮಾಂಟ್ರಿಯಲ್ ತಂಡದ ಕೋಚ್‌ಗಳ ಪಟ್ಟಿಯನ್ನು ನಾನು ಕನ್ನಡಕ್ಕೆ ತಂದದ್ದು

ನನ್ನ ತಂದೆ ಶಿವಮೊಗ್ಗದಿಂದ ಆರು ತಿಂಗಳಿಗೆಂದು ಮಾಂಟ್ರಿಯಲ್‌ಗೆ ಬಂದಿದ್ದ ವರ್ಷ, ಒಂದು ಶನಿವಾರ ರಾತ್ರಿ ನಮ್ಮ ಜೊತೆ ಕುಳಿತು ಐಸ್ ಹಾಕಿ ನೋಡುತ್ತಿದ್ದವರು, "ಕೋಟು ಟೈ ಹಾಕಿಕೊಂಡು ಹುಡುಗರ ಬೆನ್ನ ಹಿಂದೆ ನಿಂತಿದ್ದಾನಲ್ಲ, ಅವನು ಯಾರಪ್ಪ, ಅಂಪೈರೇನು?" ಎಂದು ಕೇಳಿದರು. ಕೋಚ್ ಎಂದೆ. ಆಟ ನಡೆಯುವಾಗ ಕೋಚಿಗೆ ಅಲ್ಲೇನು ಕೆಲಸ ಎಂದು ಮತ್ತೆ ಕೇಳಿದರು. ಕ್ರಿಕೆಟ್ ನೋಡಿ ಬೆಳೆದವರಿಗೆ ಈ ಪ್ರಶ್ನೆ ಸಹಜ. ಅಲ್ಲಿ ಮೈದಾನದೊಳಗಿನ ತೀರ್ಮಾನವೆಲ್ಲ ನಾಯಕನದು. ಐಸ್ ಹಾಕಿಯಲ್ಲಿ ಆಟಗಾರನೊಬ್ಬ ಒಂದು ಸರದಿಗೆ ಮುಕ್ಕಾಲು ನಿಮಿಷದಷ್ಟು ಮಾತ್ರ ಐಸ್ ಮೇಲಿದ್ದು, ಉಸಿರು ಬಿಡುತ್ತ ಬೆಂಚಿಗೆ ಮರಳುತ್ತಾನೆ. ಅವನ ಬದಲಿಗೆ ಯಾರು ಇಳಿಯಬೇಕು, ಎದುರಾಳಿಯ ಯಾವ ಗುಂಪಿಗೆ ನಮ್ಮ ಯಾವ ಗುಂಪು ಎಂಬುದನ್ನು ಇಡೀ ಪಂದ್ಯದುದ್ದಕ್ಕೂ ನಿಂತಲ್ಲೇ ತೀರ್ಮಾನಿಸುವವನು ಆ ಕೋಟಿನ ಮನುಷ್ಯ. ಆ ರಾತ್ರಿಯ ಮಾತುಕತೆಯಿಂದಲೇ, ನಮ್ಮ ಕನ್ನಡ ಸಂಘದ ರಾಜ್ಯೋತ್ಸವ ಸಂಚಿಕೆಗೆ ಮಾಂಟ್ರಿಯಲ್ ಕೆನೇಡಿಯನ್ಸ್ ತಂಡದ ಮುಖ್ಯ ಕೋಚ್‌ಗಳ ಪಟ್ಟಿಯನ್ನು ಟಿಪ್ಪಣಿ ಸಹಿತ ಬರೆದುಕೊಡುವ ಯೋಚನೆ ನನಗೆ ಹುಟ್ಟಿತು.

ಒಂದು ವಾರಾಂತ್ಯದ ಕೆಲಸವೆಂದುಕೊಂಡಿದ್ದೆ, ಚಳಿಗಾಲವೆಲ್ಲ ಹಿಡಿಯಿತು. ನೋಟ್‌ಬುಕ್ಕಿನಲ್ಲಿ ಹೆಸರು, ಅವಧಿ, ಗೆದ್ದ ಸ್ಟ್ಯಾನ್ಲಿ ಕಪ್‌ಗಳು (ಚಾಂಪಿಯನ್ ತಂಡಕ್ಕೆ ಸಿಗುವ ಟ್ರೋಫಿ), ಹುದ್ದೆ ಬಿಟ್ಟ ಬಗೆ ಎಂದು ನಾಲ್ಕು ಕಾಲಂ ಎಳೆದುಕೊಂಡೆ. ಮೊದಲ ಮೂರನ್ನು ತುಂಬುವುದು ಕಷ್ಟವಲ್ಲ. ನನಗೆ ಹೆಚ್ಚು ಕಲಿಸಿದ್ದು ನಾಲ್ಕನೆಯದು, ಏಕೆಂದರೆ ಒಬ್ಬ ಕೋಚ್ ಏಕೆ ಹೋದ ಎಂದು ಬರೆಯಹೊರಟರೆ ಮುಂದಿನವನು ಏಕೆ ಬಂದ ಎಂಬುದೂ ತಾನಾಗಿಯೇ ತಿಳಿಯುತ್ತದೆ.

ಯಾರನ್ನು ಕೋಚ್ ಎಂದು ಎಣಿಸಬೇಕು ಎಂಬುದೇ ಮೊದಲ ತೊಡಕಾಯಿತು. ತಂಡ ಹುಟ್ಟಿದ್ದು 1909ರ ಡಿಸೆಂಬರ್‌ನಲ್ಲಿ, ಈಗ ಅದು ಆಡುವ ಎನ್‌ಎಚ್‌ಎಲ್ ಲೀಗ್‌ಗಿಂತಲೂ ಎಂಟು ವರ್ಷ ಮೊದಲು. ಆ ಕಾಲದಲ್ಲಿ ಆಟಗಾರನೇ ಕೋಚ್, ಮಾಲೀಕನೇ ಮ್ಯಾನೇಜರ್. ಮೊದಲಿಗ ಜಾಕ್ ಲಾವಿಯೊಲೆತ್ ಸ್ವತಃ ಐಸಿಗಿಳಿದು ಆಡುತ್ತಿದ್ದವರು. ಒಬ್ಬರೇ ಎರಡು ಬಾರಿ ಬಂದದ್ದೂ ಉಂಟು: ಸೆಸಿಲ್ ಹಾರ್ಟ್, ಕ್ಲೋದ್ ರ್ಯುಯೆಲ್, ಮಿಶೆಲ್ ತೆರ್ಯಾಂ, ಕ್ಲೋದ್ ಜ್ಯುಲಿಯಾಂ. ಕೊನೆಯ ಇಬ್ಬರದಂತೂ ವಿಚಿತ್ರ. 2003ರಲ್ಲಿ ತೆರ್ಯಾಂ ಅವರನ್ನು ತೆಗೆದು ಜ್ಯುಲಿಯಾಂ ಅವರನ್ನು ತಂದ ತಂಡವೇ 2017ರಲ್ಲಿ ಮತ್ತೆ ಅದೇ ತೆರ್ಯಾಂ ಜಾಗಕ್ಕೆ ಅದೇ ಜ್ಯುಲಿಯಾಂ ಅವರನ್ನು ಕರೆಸಿತು. ಎರಡು ಅವಧಿಗೆ ಎರಡು ಸಾಲು ಕೊಟ್ಟೆ. ಹೆಸರು ಒಂದೇ ಆದರೂ ಕೈಗೆ ಬಂದ ತಂಡ ಬೇರೆ.

ಇನ್ನೊಂದು ತೊಡಕು, ಬೆಂಚಿನ ಹಿಂದೆ ನಿಂತರೂ ಪಟ್ಟಿಯಲ್ಲಿ ಇಲ್ಲದವರದು. 2020ರ ಆಗಸ್ಟ್‌ನಲ್ಲಿ ಪ್ಲೇಆಫ್ (ಕಪ್‌ಗಾಗಿ ನಡೆಯುವ ನಾಕೌಟ್ ಸುತ್ತುಗಳು) ನಡುವೆ ಜ್ಯುಲಿಯಾಂ ಎದೆನೋವಿನಿಂದ ಆಸ್ಪತ್ರೆ ಸೇರಿದಾಗ ಸಹಾಯಕ ಕರ್ಕ್ ಮುಲ್ಲರ್ ತಂಡ ನಡೆಸಿದರು. ಮರುವರ್ಷ, ಜ್ಯುಲಿಯಾಂ ನಂತರ ಕೋಚ್ ಆದ ದೊಮಿನಿಕ್ ದ್ಯುಶಾರ್ಮ್ ಅವರಿಗೆ ಕೋವಿಡ್ ಬಂದಾಗ, ತಂಡ ಫೈನಲ್ ತಲುಪಿದ ಆ ಘಳಿಗೆಯಲ್ಲಿ ಬೆಂಚಿನ ಹಿಂದೆ ನಿಂತಿದ್ದವರು ಸಹಾಯಕ ಲೂಕ್ ರಿಚರ್ಡ್‌ಸನ್. ಅಧಿಕೃತ ಲೆಕ್ಕದಲ್ಲಿ ಇವರಿಬ್ಬರೂ ಮುಖ್ಯ ಕೋಚ್‌ಗಳಲ್ಲ. ನಾನೂ ಸಾಲು ಕೊಡಲಿಲ್ಲ, ಆದರೆ ಟಿಪ್ಪಣಿಯಲ್ಲಿ ಇಬ್ಬರ ಹೆಸರನ್ನೂ ಬರೆದೆ.

ಇದಕ್ಕೆ ತೀರ ವಿರುದ್ಧವಾದದ್ದು ಬೇಬ್ ಸೀಬರ್ಟ್ ಅವರ ಕಥೆ. ಆಟದಿಂದ ನಿವೃತ್ತರಾದ ಸೀಬರ್ಟ್ ಅವರನ್ನು 1939ರ ಬೇಸಿಗೆಯಲ್ಲಿ ತಂಡ ಕೋಚ್ ಆಗಿ ನೇಮಿಸಿತು. ಆಗಸ್ಟ್‌ನಲ್ಲಿ ಕುಟುಂಬದೊಂದಿಗೆ ಹ್ಯೂರಾನ್ ಸರೋವರದ ದಡಕ್ಕೆ ಹೋಗಿದ್ದಾಗ, ಮಗಳ ತೇಲುವ ಟ್ಯೂಬ್ ಗಾಳಿಗೆ ಸರಿದು ದೂರ ಹೋಯಿತು. ಅದನ್ನು ತರಲು ಈಜಿ ಹೋದವರು ಮರಳಲಿಲ್ಲ. ಒಂದು ಪಂದ್ಯವನ್ನೂ ನಡೆಸದ ಅವರನ್ನು ನನ್ನ ಮೊದಲ ಕರಡಿನಲ್ಲಿ 1939–40ರ ಋತುವಿನ ಕೋಚ್ ಎಂದು ಬರೆದುಬಿಟ್ಟಿದ್ದೆ. ಆ ಋತುವಿನಲ್ಲಿ ಬೆಂಚಿನ ಹಿಂದೆ ನಿಂತವರು ಪಿಟ್ ಲೆಪೀನ್. ತಂಡ 48 ಪಂದ್ಯಗಳಲ್ಲಿ ಗೆದ್ದದ್ದು 10 ಮಾತ್ರ. ನೇಮಕದ ವರ್ಷವನ್ನೂ ಪಂದ್ಯ ನಡೆಸಿದ ವರ್ಷವನ್ನೂ ಬೇರೆಬೇರೆಯಾಗಿ ತಾಳೆ ನೋಡಬೇಕೆಂದು ನಾನು ಕಲಿತದ್ದು ಈ ತಪ್ಪಿನಿಂದ. ಮುಂದೆ ಪ್ರತಿ ಸಾಲಿಗೂ ಹಾಗೆಯೇ ಮಾಡಿದೆ.

ಹೆಸರುಗಳ ಉಚ್ಚಾರ ನನ್ನ ಮಗಳ ಪಾಲಿಗೆ ಬಂತು. ಇಲ್ಲಿಯ ಕಾನೂನಿನಂತೆ ಅವಳು ಓದುವುದು ಫ್ರೆಂಚ್ ಶಾಲೆಯಲ್ಲಿ. ನಾನು "ಥೆರಿಯನ್" ಎಂದು ಬರೆದದ್ದನ್ನು ನೋಡಿ, "ಅಪ್ಪ, ಹಾಗೆ ಯಾರೂ ಅನ್ನಲ್ಲ, ತೆರ್ಯಾಂ" ಎಂದಳು. ಅಂದಿನಿಂದ ಪ್ರತಿ ಹೆಸರನ್ನೂ ಅವಳಿಂದ ಗಟ್ಟಿಯಾಗಿ ಹೇಳಿಸಿ ಬರೆದುಕೊಂಡೆ. ಈ ಕೆಲಸಕ್ಕೆ ಕನ್ನಡ ಲಿಪಿ ಎಷ್ಟು ಅನುಕೂಲವೆಂಬುದು ಆಗ ಕಣ್ಣಿಗೆ ಬಿತ್ತು. ಫ್ರೆಂಚಿನ ತ, ದ ಹಲ್ಲಿನಿಂದ ಹುಟ್ಟುವ ಧ್ವನಿಗಳು. ಇಂಗ್ಲಿಷಿನವನ್ನು ನಾವು ಟ, ಡ ಎಂದು ಕೇಳಿಸಿಕೊಳ್ಳುತ್ತೇವೆ. ಹಾಗಾಗಿ ತ್ರಾಂಬ್ಲೇ, ದೆಮೇರ್ ಒಂದು ಕಡೆ, ಟೋ ಬ್ಲೇಕ್, ಡಿಕ್ ಅರ್ವಿನ್ ಇನ್ನೊಂದು ಕಡೆ ನಿಂತರು; ಯಾರ ಹೆಸರು ಯಾವ ಭಾಷೆಯದೆಂದು ಅಕ್ಷರವೇ ಹೇಳತೊಡಗಿತು. ಮೂಗಿನಲ್ಲಿ ಹೊರಡುವ ಸ್ವರಗಳಿಗೆ ನಮ್ಮ ಸೊನ್ನೆ ಸಾಕಾಯಿತು: ಜಾಂ ಪೆರೋಂ, ಮಾರ್ತಾಂ ಸಾಂ ಲೂಯಿ. ಫ್ರೆಂಚಿನ ಮೃದುವಾದ ಜಕಾರಕ್ಕೆ ಮಾತ್ರ ಸರಿಯಾದ ಅಕ್ಷರ ಸಿಗದೆ ಬರಿಯ ಜ ಇಟ್ಟೆ.

ಭಾಷೆಯ ಪ್ರಶ್ನೆ ಈ ಹುದ್ದೆಯ ಚರಿತ್ರೆಯಲ್ಲೇ ಹಾಸುಹೊಕ್ಕಾಗಿದೆ. 1971ರ ಫೈನಲ್‌ನಲ್ಲಿ ಷಿಕಾಗೋ ವಿರುದ್ಧ ಐದನೇ ಪಂದ್ಯ ಸೋತ ಮೇಲೆ, ಬೆಂಚಿನಲ್ಲೇ ಹೆಚ್ಚು ಹೊತ್ತು ಕೂರಬೇಕಾಗಿ ಬಂದ ಆನ್ರಿ ರಿಶಾರ್, ಕೋಚ್ ಆಲ್ ಮೆಕ್‌ನೀಲ್ ಅಸಮರ್ಥರೆಂದು ಪತ್ರಕರ್ತರೆದುರೇ ಹೇಳಿದರು. ನೋವಾ ಸ್ಕೋಷಿಯಾದ ಮೆಕ್‌ನೀಲ್ ಅವರಿಗೆ ಫ್ರೆಂಚ್ ಬಾರದು. ಮಾತು ಆಟವನ್ನು ಮೀರಿ ಹೋಯಿತು, ಕೊಲೆ ಬೆದರಿಕೆಗಳೂ ಬಂದವು. ಏಳನೇ ಪಂದ್ಯದಲ್ಲಿ ಎರಡು ಗೋಲು ಹಿಂದಿದ್ದ ತಂಡ 3–2ರಿಂದ ಗೆದ್ದಿತು. ಸಮಬಲದ ಗೋಲನ್ನೂ ಗೆಲುವಿನ ಗೋಲನ್ನೂ ಹೊಡೆದವರು ಅದೇ ರಿಶಾರ್. ಕಪ್ ಗೆದ್ದ ಮೆಕ್‌ನೀಲ್ ಅವರನ್ನು ಮುಂದಿನ ಋತುವಿಗೆ ಹ್ಯಾಲಿಫ್ಯಾಕ್ಸ್‌ನ ಕಿರಿಯ ತಂಡಕ್ಕೆ ಕಳಿಸಲಾಯಿತು. ಅವರಿಗೆ ಅನ್ಯಾಯವಾಯಿತೆಂದೇ ನನ್ನ ಅಭಿಪ್ರಾಯ. ಕೆನ್ ಡ್ರೈಡನ್ ಎಂಬ ಹೊಸ ಗೋಲ್‌ಕೀಪರನನ್ನು ಪ್ಲೇಆಫ್‌ಗೆ ನಿಲ್ಲಿಸುವ ಧೈರ್ಯ ಮಾಡಿದ್ದು ಅವರೇ. ನಲವತ್ತು ವರ್ಷಗಳ ನಂತರ, 2011ರ ಡಿಸೆಂಬರ್‌ನಲ್ಲಿ, ಫ್ರೆಂಚ್ ಬಾರದ ರ್‍ಯಾಂಡಿ ಕನಿವರ್ತ್ ಹಂಗಾಮಿ ಕೋಚ್ ಆದಾಗ ಅಂಗಣದ ಹೊರಗೆ ಪ್ರತಿಭಟನೆ ನಡೆಯಿತು, ಮುಂದಿನ ಕೋಚಿಗೆ ಎರಡೂ ಭಾಷೆ ಬರುವುದು ಮುಖ್ಯವೆಂದು ಮಾಲೀಕರೇ ಹೇಳಬೇಕಾಯಿತು. ನೆಲದ ಭಾಷೆಯಲ್ಲಿ ತಮ್ಮೊಂದಿಗೆ ಮಾತನಾಡಬೇಕೆಂಬ ಜನರ ಬಯಕೆ ಕನ್ನಡಿಗನಾದ ನನಗೆ ಬೇಗ ಅರ್ಥವಾಗುತ್ತದೆ. ಆದ್ದರಿಂದಲೇ ಈ ಎರಡು ಸಾಲುಗಳ ಟಿಪ್ಪಣಿಯನ್ನು ಎಲ್ಲಕ್ಕಿಂತ ಹೆಚ್ಚು ಬಾರಿ ತಿದ್ದಿ ಬರೆದೆ.

ಕಪ್‌ಗಳ ಕಾಲಂ ಕೂಡಿದಾಗ 24 ಬಂತು. ಅದರಲ್ಲಿ 16 ಮೂವರದೇ: ಅರ್ವಿನ್ 3, ಬ್ಲೇಕ್ 8, ಸ್ಕಾಟಿ ಬೋಮನ್ 5. ಬ್ಲೇಕ್ 1956ರಿಂದ 1960ರವರೆಗೆ ಸತತ ಐದು ಬಾರಿ ಗೆದ್ದವರು. ಅವರ ನಿಜವಾದ ಹೆಸರು ಹೆಕ್ಟರ್, ಪುಟ್ಟ ತಂಗಿಯ ತೊದಲು ನುಡಿಯಲ್ಲಿ ಅದು ಹೆಕ್-ಟೋ ಆಗಿ, ಕೊನೆಗೆ ಟೋ ಮಾತ್ರ ಉಳಿಯಿತು. ಬೋಮನ್ ಅವರ 1976–77ರ ತಂಡ 80 ಪಂದ್ಯಗಳಲ್ಲಿ ಸೋತದ್ದು ಕೇವಲ 8.

ಜಾಕ್ ದೆಮೇರ್ ಅವರ ಟಿಪ್ಪಣಿ ಬರೆಯುವಾಗ ಮಾತ್ರ ನನ್ನ ಕೈ ನಿಂತಿತು. 1993ರ ಫೈನಲ್‌ನ ಎರಡನೇ ಪಂದ್ಯದಲ್ಲಿ, ಎರಡು ನಿಮಿಷಕ್ಕೂ ಕಡಿಮೆ ಸಮಯವಿದ್ದು ಒಂದು ಗೋಲು ಹಿಂದಿದ್ದಾಗ, ಲಾಸ್ ಏಂಜಲಿಸ್‌ನ ಮಾರ್ಟಿ ಮೆಕ್‌ಸಾರ್ಲಿಯ ಕೋಲಿನ ಬಾಗು ನಿಯಮಕ್ಕಿಂತ ಹೆಚ್ಚಿದೆ, ಅಳೆಯಿರಿ ಎಂದು ರೆಫರಿಗೆ ಹೇಳಿದವರು ಅವರು. ಕೋಲು ನಿಯಮದೊಳಗೇ ಇದ್ದಿದ್ದರೆ ದಂಡ ತಮ್ಮ ತಂಡಕ್ಕೇ ಬೀಳುತ್ತಿತ್ತು. ಕೋಲು ನಿಯಮ ಮೀರಿತ್ತು, ಮೆಕ್‌ಸಾರ್ಲಿ ಎರಡು ನಿಮಿಷ ಹೊರಗೆ ಕೂರಬೇಕಾಯಿತು. ಎರಿಕ್ ದೆಜಾರ್ದಾಂ ಗೋಲು ಹೊಡೆದು ಸಮ ಮಾಡಿದರು, ಹೆಚ್ಚುವರಿ ಅವಧಿಯಲ್ಲಿ ಅವರೇ ಗೆಲ್ಲಿಸಿದರು, ಕಪ್ ಮಾಂಟ್ರಿಯಲ್‌ಗೆ ಬಂತು. ಇದಾಗಿ ಹನ್ನೆರಡು ವರ್ಷಗಳ ಮೇಲೆ, 2005ರಲ್ಲಿ, ತಮಗೆ ಸರಿಯಾಗಿ ಓದು ಬರಹ ಬಾರದೆಂದು ದೆಮೇರ್ ಬಹಿರಂಗಪಡಿಸಿದರು. ಹಿಂಸೆಯ ಬಾಲ್ಯ ಕಳೆದ ಅವರು ಅಷ್ಟೂ ವರ್ಷ ಅದನ್ನು ಮುಚ್ಚಿಟ್ಟು ಕೋಚ್ ಆಗಿ ದುಡಿದಿದ್ದರು. 2009ರಲ್ಲಿ ಕೆನಡಾದ ಸೆನೆಟ್‌ಗೆ ನೇಮಕವಾದರು. ಈ ಟಿಪ್ಪಣಿಯನ್ನು ಫೋನಿನಲ್ಲಿ ತಂದೆಗೆ ಓದಿ ಹೇಳಿದಾಗ ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಇನ್ನೊಂದು ಸಲ ಓದು" ಎಂದರು.

ಪುಟ ಜೋಡಿಸುವಾಗ ಪಟ್ಟಿ ಎರಡು ಪುಟ ಮೀರಿತು. ಒಂದು ಪಂದ್ಯವನ್ನೂ ನಡೆಸದ ಸೀಬರ್ಟ್ ಅವರ ಸಾಲನ್ನು ತೆಗೆದರೆ ಸರಿಹೋಗುತ್ತದೆ ಎಂದು ಸಂಪಾದಕರು ಸೂಚಿಸಿದರು. ನಾನು ನನ್ನ ಮುನ್ನುಡಿಯನ್ನು ತೆಗೆದೆ. ಹಾರ್ಟ್ ನಂತರ 1938–39ರ ಋತುವನ್ನು ಮುಗಿಸಿಕೊಟ್ಟ ಜ್ಯೂಲ್ ದ್ಯುಗಾಲ್ ಮತ್ತು ಲೆಪೀನ್ ನಡುವೆ ಸೀಬರ್ಟ್ ಹೆಸರು ಅಚ್ಚಾಗಿದೆ: ನೇಮಕ 1939, ಪಂದ್ಯಗಳು 0.