ಕಕ್ಕಡದ ಮಳೆಯಿಂದ ಉಳಿಸಿಕೊಂಡ ಕ್ಯಾಸೆಟ್

ಮಡಿಕೇರಿಯಲ್ಲಿ ಕೊಡವರ ಕಕ್ಕಡ ತಿಂಗಳ ಮಳೆ ಹಿಡಿಯಿತೆಂದರೆ ಬೀರುವಿನೊಳಗಿನ ಬೆಲ್ಟಿಗೂ ಬೂಷ್ಟು ಬರುತ್ತದೆ. ಇಂಗ್ಲೆಂಡಿನಲ್ಲಿದ್ದಾಗ ಚಿಕ್ಕಪ್ಪ ತಂದಿದ್ದ ‘ಸಮ್‌ವೇರ್ ಇನ್ ಟೈಮ್’ ಸಿನಿಮಾದ ವಿಡಿಯೊ ಕ್ಯಾಸೆಟ್ಟನ್ನು ಒಂದು ದಿನ ಬೆಳಕಿಗೆ ಹಿಡಿದೆ. ಸುರುಳಿಯ ಅಂಚಿನ ತುಂಬ ಅಕ್ಕಿಹಿಟ್ಟು ಉದುರಿಸಿದಂತೆ ಬಿಳಿ.

1980ರ ಚಿತ್ರ ಅದು. ನಾಯಕ ಕ್ರಿಸ್ಟೊಫರ್ ರೀವ್ ಹಳೆಯ ಹೋಟೆಲೊಂದರಲ್ಲಿ ನಟಿಯೊಬ್ಬಳ ಫೋಟೊ ನೋಡಿ ಮನಸೋತು, ಮನಸ್ಸಿನ ಬಲದಿಂದಲೇ 1912ಕ್ಕೆ ಹೋಗುತ್ತಾನೆ. ಜೇಬಿನಲ್ಲಿ ಉಳಿದಿದ್ದ 1979ರ ನಾಣ್ಯ ಕಣ್ಣಿಗೆ ಬಿದ್ದ ಕ್ಷಣವೇ ಅವಳಿಂದ ದೂರಾಗಿಬಿಡುತ್ತಾನೆ. ಥಿಯೇಟರುಗಳಲ್ಲಿ ಓಡದ ಈ ಚಿತ್ರವನ್ನು ಬದುಕಿಸಿದ್ದೇ ಕೇಬಲ್ ಟಿವಿ ಮತ್ತು ಕ್ಯಾಸೆಟ್ಟುಗಳು. ಹಾಗಾಗಿ ಅದನ್ನು ಎಸೆಯಲು ಮನಸ್ಸು ಬರಲಿಲ್ಲ.

ಆತುರಪಟ್ಟು ಹಾಗೇ ವಿಸಿಆರ್‌ಗೆ ಹಾಕಿದ್ದು ನನ್ನ ತಪ್ಪು. ಹತ್ತು ನಿಮಿಷದಲ್ಲಿ ಪರದೆ ತುಂಬ ಚುಕ್ಕೆ. ಬೂಷ್ಟು, ಟೇಪನ್ನು ಓದುವ ಹೆಡ್ಡಿಗೆ ಮೆತ್ತಿಕೊಂಡಿತ್ತು. ಹೆಡ್ ಒರೆಸುವಾಗ ಚಮೋಯಿಸ್ ಎಂಬ ಮೃದು ಚರ್ಮದ ತುಂಡನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿ, ಹೆಡ್ ಕೂತಿರುವ ಡ್ರಮ್ಮಿಗೆ ಮೆಲ್ಲಗೆ ತಾಗಿಸಿ ಹಿಡಿಯಬೇಕು, ಡ್ರಮ್ಮನ್ನು ಕೈಯಲ್ಲಿ ತಿರುಗಿಸಬೇಕು. ಮೇಲೆ ಕೆಳಗೆ ಉಜ್ಜಿದರೆ ಹೆಡ್ ಮುರಿದೇ ಹೋಗಬಹುದು.

ಆಮೇಲೆ ಕ್ಯಾಸೆಟ್ಟಿನ ಸರದಿ. ಅನ್ನದ ಡಬ್ಬದಷ್ಟು ದೊಡ್ಡ ತಗಡಿನ ಡಬ್ಬದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಜೊತೆ ಎರಡು ವಾರ ಇಟ್ಟೆ. ಒದ್ದೆ ಬೂಷ್ಟನ್ನು ಒರೆಸಿದರೆ ಟೇಪಿಗೇ ಬಳಿದಂತಾಗುತ್ತದೆ, ಒಣಗಿದರೆ ಪುಡಿಯಾಗಿ ಬಿಡುತ್ತದೆ. ಬಿಸಿಲು ಬಿದ್ದ ದಿನ ಮೂಗಿಗೆ ಬಟ್ಟೆ ಕಟ್ಟಿಕೊಂಡು ಅಂಗಳದಲ್ಲಿ ಕೂತು ಹಿಂಬದಿಯ ಐದು ಸ್ಕ್ರೂ ಬಿಚ್ಚಿದೆ. ನೂಲು ಬಿಡದ ಬಟ್ಟೆಯ ಮಡಿಕೆಯೊಳಗೆ ಟೇಪು ಹಾಯುವಂತೆ ಹಿಡಿದು ಒಂದು ಸುರುಳಿಯಿಂದ ಇನ್ನೊಂದಕ್ಕೆ ಸುತ್ತಿದೆ. ಇಡೀ ಮಧ್ಯಾಹ್ನ ಹಿಡಿಯಿತು. ಕೊನೆಗೆ ಇನ್ನೊಂದು ಹಳೆಯ ಕ್ಯಾಸೆಟ್ಟಿನ ಚಿಪ್ಪಿಗೆ ಆ ಸುರುಳಿಗಳನ್ನು ಕೂರಿಸಿ ಕಂಪ್ಯೂಟರಿಗೆ ಇಳಿಸಿಕೊಂಡೆ.

ಮಧ್ಯೆ ಅಮೆರಿಕದ ಡಿವಿಡಿಯೊಂದು ಸಿಕ್ಕಿತ್ತು. ಡಿವಿಡಿಗಳಿಗೆ ದೇಶವಾರು ರೀಜನ್ ಎಂಬ ಬೀಗವಿದೆ; ಅದು ಒಂದನೇ ರೀಜನ್, ನಮ್ಮದು ಐದನೆಯದು. ಮನೆಯ ಪ್ಲೇಯರು ಒಪ್ಪಲಿಲ್ಲ. 2014ರ ಬ್ಲೂ-ರೇ ಕೈಗೆ ಬಂದಾಗಲೇ ನಿಜವಾದ ವ್ಯತ್ಯಾಸ ಗೊತ್ತಾದದ್ದು. ವರ್ತಮಾನದ ದೃಶ್ಯಗಳನ್ನು ಕೊಡಕ್ ಫಿಲ್ಮಿನಲ್ಲೂ 1912ರ ದೃಶ್ಯಗಳನ್ನು ಫ್ಯೂಜಿ ಫಿಲ್ಮಿನಲ್ಲೂ ತೆಗೆದಿದ್ದರು. ಹಳೆಯ ಕಾಲದ ಆ ಮೃದುವಾದ ಬಣ್ಣ ಕ್ಯಾಸೆಟ್ಟಿನಲ್ಲಿ ನನಗೆ ಬೇರೆಯಾಗಿ ಕಂಡೇ ಇರಲಿಲ್ಲ. ಎಲ್ಲವೂ ಮಬ್ಬು, ಟೇಪು ಸವೆದಿದೆ ಅಂದುಕೊಂಡಿದ್ದೆ.

ಇನ್ನೊಂದು ಸಂಗತಿ ಚಿಕ್ಕಮ್ಮನ ಕಿವಿಗೆ ಬಿತ್ತು. ಬ್ಲೂ-ರೇಯಲ್ಲಿ ರಷ್ಯದ ಸಂಗೀತಕಾರ ರಾಖ್ಮನಿನೊವ್‌ನ ಪಿಯಾನೊ ಸಂಗೀತ ಶುರುವಾಗುತ್ತಲೇ, “ಇದೇನೋ ಮಗ, ನಿಧಾನ ಆಯ್ತಲ್ಲ?” ಅಂದರು. ಅವರು ಹೇಳಿದ್ದು ಸರಿ. ಸಿನಿಮಾ ಸೆಕೆಂಡಿಗೆ 24 ಚೌಕಟ್ಟು, ಇಂಗ್ಲೆಂಡಿನಲ್ಲೂ ನಮ್ಮಲ್ಲೂ ಇದ್ದ ಪಾಲ್ ಎಂಬ ಟಿವಿ ಪದ್ಧತಿಯ ಕ್ಯಾಸೆಟ್ಟು 25. ನೂರಮೂರು ನಿಮಿಷದ ಚಿತ್ರ ಕ್ಯಾಸೆಟ್ಟಿನಲ್ಲಿ ತೊಂಬತ್ತೊಂಬತ್ತಕ್ಕೇ ಮುಗಿಯುತ್ತದೆ, ಶ್ರುತಿಯೂ ಅರೆಸ್ವರಕ್ಕೆ ತುಸು ಕಡಿಮೆಯಷ್ಟು ಏರಿರುತ್ತದೆ. ಅಷ್ಟು ವರ್ಷ ನಾವು ಕೇಳಿದ್ದು ಅವಸರದ ಪಿಯಾನೊ.

ಬ್ಲೂ-ರೇ ಮುಗಿದ ಮೇಲೆ ಚಿಕ್ಕಮ್ಮ, “ನಮ್ಮದನ್ನೂ ಒಂದ್ಸಲ ಹಾಕು” ಅಂದರು. ಹಾಕಿದೆ. ಚಿಕ್ಕಪ್ಪನ ಕೈಬರಹದ ಚೀಟಿಯನ್ನು ಹೊಸ ಚಿಪ್ಪಿಗೆ ಅಂಟಿಸಿದ್ದೇನೆ. ಡಬ್ಬದ ಜೆಲ್ಲನ್ನು ಪ್ರತಿ ಮೇ ತಿಂಗಳಲ್ಲಿ ಬದಲಿಸುತ್ತೇನೆ.